ಹಂಪಿಯ ಬಂಡೆ, ಗಾಳಿಯಲ್ಲಿನ ದೇಹ: ಒಂದು ಸಾಲ್ಟ್ ಪ್ರಿಂಟ್ ಕೆಲಸದ ದಾಖಲೆ

ಬೌಲ್ಡರಿಂಗ್ ಮಾಡುವವರು, ಅಂದರೆ ಹಗ್ಗವಿಲ್ಲದೆ ಗಿಡ್ಡ ಬಂಡೆಗಳನ್ನು ಹತ್ತುವವರು, ಡೈನೊ ಎಂದು ಕರೆಯುವ ಜಿಗಿತದಲ್ಲಿ ಎರಡು ಕೈಗಳೂ ಎರಡು ಕಾಲುಗಳೂ ಬಂಡೆಯನ್ನು ಬಿಟ್ಟು ದೇಹ ಪೂರ್ತಿಯಾಗಿ ಗಾಳಿಯಲ್ಲಿರುವ ಹೊತ್ತು ಸಾಮಾನ್ಯವಾಗಿ ಅರ್ಧ ಸೆಕೆಂಡಿಗೂ ಕಡಿಮೆ. ಆ ಹೊತ್ತಿನ ಚಿತ್ರವನ್ನು ಛಾಯಾಗ್ರಹಣದ ಮೊದಲ ದಶಕಗಳ ವಿಧಾನದಲ್ಲಿ, ಅಂದರೆ ಉಪ್ಪುನೀರು ಕುಡಿದ ಕಾಗದಕ್ಕೆ ಸಿಲ್ವರ್ ನೈಟ್ರೇಟ್ ಬಳಿದು ಬಿಸಿಲಿಗೆ ಒಡ್ಡಿ ಮೂಡಿಸುವ ಸಾಲ್ಟ್ ಪ್ರಿಂಟ್ ಆಗಿ ತಯಾರಿಸುವುದು ಈ ಕೆಲಸದ ಉದ್ದೇಶ. ಕಾಗದ ಬಿಸಿಲಿನಲ್ಲಿ ಹತ್ತು ನಿಮಿಷ ಕುಳಿತು ಕಪ್ಪಾಗುತ್ತದೆ, ಹಾರುವವರು ಅರ್ಧ ಸೆಕೆಂಡಿನಲ್ಲಿ ಕೆಳಗೆ ಬಂದಿರುತ್ತಾರೆ. ಈ ಎರಡು ವೇಗಗಳನ್ನು ಒಂದೇ ಹಾಳೆಯ ಮೇಲೆ ಕೂಡಿಸಲು ಏನೇನು ಬೇಕಾಯಿತು, ಯಾವ ಅಳತೆಗಳು ಕೆಲಸಕ್ಕೆ ಬಂದವು ಎಂಬುದನ್ನು ಇದೇ ಹಾದಿ ಹಿಡಿಯಲು ಬಯಸುವವರಿಗೆ ಉಪಯೋಗವಾಗುವಷ್ಟು ವಿವರವಾಗಿ ಬರೆದಿಡುತ್ತಿದ್ದೇನೆ.

ಹಂಪಿಯನ್ನೇ ಆರಿಸಿಕೊಳ್ಳಲು ಗಟ್ಟಿಯಾದ ಕಾರಣವಿದೆ. ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1855–56ರ ಸುಮಾರಿಗೆ ವಿಜಯನಗರದ ಅವಶೇಷಗಳನ್ನು ಮೇಣ ಹಚ್ಚಿದ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ಹಿಡಿದಿಟ್ಟರು. ಕಲ್ಲಿನ ರಥದ ನೆತ್ತಿಯ ಮೇಲೆ ಆಗ ನಿಂತಿದ್ದ, ಈಗ ಇಲ್ಲದ ಇಟ್ಟಿಗೆಯ ಗೋಪುರ ಅವರ ಚಿತ್ರದಲ್ಲಿ ಕಾಣುತ್ತದೆ ಎಂಬ ಒಂದೇ ಕಾರಣಕ್ಕೂ ಆ ನೆಗೆಟಿವ್‌ಗಳಿಗೆ ಬೆಲೆ ಕಟ್ಟಲಾಗದು. ಆ ಕಾಗದಕ್ಕೆ ಬೆಳಕು ಬಹಳ ಹೊತ್ತು ಬೇಕಾಗುತ್ತಿತ್ತು. ಕ್ಯಾಮೆರಾದ ಮುಂದೆ ನಡೆದುಹೋದವರ ಗುರುತು ಉಳಿಯುತ್ತಿರಲಿಲ್ಲ, ಕಲ್ಲು ಮಾತ್ರ ಉಳಿಯುತ್ತಿತ್ತು. ಅದೇ ಗ್ರಾನೈಟ್ ಇಂದು ಬಂಡೆ ಹತ್ತುವವರನ್ನು ಎಲ್ಲೆಲ್ಲಿಂದಲೋ ಸೆಳೆಯುತ್ತಿದೆ. ತುಂಗಭದ್ರೆಯ ಉತ್ತರ ದಂಡೆಯ ಆನೆಗೊಂದಿ, ಸಾಣಾಪುರದ ಸುತ್ತ ಚಳಿಗಾಲದ ಬೆಳಗುಗಳಲ್ಲಿ ಬಿದ್ದಾಗ ತಾಳಿಕೊಳ್ಳುವ ದಪ್ಪ ಹಾಸನ್ನು, ಅಂದರೆ ಕ್ರ್ಯಾಶ್ ಪ್ಯಾಡ್ ಅನ್ನು, ಬೆನ್ನಿಗೆ ಕಟ್ಟಿಕೊಂಡು ಹೊರಟವರನ್ನು ಯಾರೂ ನೋಡಬಹುದು. ವಿರೂಪಾಕ್ಷ ದೇವಾಲಯದ ಕತ್ತಲೆಯ ಕೋಣೆಯೊಂದರ ಗೋಡೆಯ ಮೇಲೆ ರಾಜಗೋಪುರ ತಲೆಕೆಳಗಾಗಿ ಬೀಳುವುದನ್ನು ಕಂಡವರಿಗೆ, ಬೆಳಕು ಚಿತ್ರವಾಗುವ ವಿಷಯ ಈ ಊರಿಗೆ ಹೊಸದೇನಲ್ಲ ಎಂದು ಹೇಳಬೇಕಾಗಿಲ್ಲ. ಗ್ರೀನ್‌ಲಾ ಕಾಲದ ಕಾಗದದ ಮೇಲೆ, ಗ್ರೀನ್‌ಲಾ ಕಾಲದ ಕಾಗದಕ್ಕೆ ಎಂದಿಗೂ ಸಿಕ್ಕದಿದ್ದ ಚಲಿಸುವ ಮನುಷ್ಯನನ್ನು ಅದೇ ಬಂಡೆಗಳ ನಡುವೆ ಮೂಡಿಸಬೇಕೆಂಬ ಆಸೆ ಹುಟ್ಟಿದ್ದು ಹೀಗೆ. ಸ್ಮಾರಕಗಳಿಗೆ ಸೇರಿದ ಬಂಡೆಗಳನ್ನು ಇಡೀ ಕೆಲಸದಲ್ಲಿ ದೂರವೇ ಇಟ್ಟಿದ್ದೇನೆ.

ಚಿತ್ರ ತೆಗೆದದ್ದು ಡಿಜಿಟಲ್ ಕ್ಯಾಮೆರಾದಲ್ಲಿ. ಹಾಗಾದರೆ ಇದು ನಿಜವಾದ ಹಳೆಯ ವಿಧಾನ ಹೇಗಾಗುತ್ತದೆ ಎಂದು ಕೇಳುವವರಿದ್ದಾರೆ. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಕ್ಷಣವನ್ನು ನಿಲ್ಲಿಸುವುದು ಒಂದು ಕೆಲಸ, ಅದನ್ನು ಕಾಗದಕ್ಕೆ ಇಳಿಸುವುದು ಬೇರೊಂದು ಕೆಲಸ, ಮತ್ತು ಈ ಎರಡನ್ನು ಬೇರ್ಪಡಿಸಿದವನು ಸಾಲ್ಟ್ ಪ್ರಿಂಟ್ ಕಂಡುಹಿಡಿದ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್‌ನೇ. ನೆಗೆಟಿವ್‌ನಿಂದ ಪಾಸಿಟಿವ್ ಎಂಬ ಅವನ ಕ್ರಮ ನೆಲೆನಿಂತ ಮೇಲೆ, ನೆಗೆಟಿವ್ ಯಾವ ಬಗೆಯದು ಎಂಬ ಪ್ರಶ್ನೆ ಮುದ್ರಿಸುವ ಕಾಗದಕ್ಕೆ ಇರಲೇ ಇಲ್ಲ. 1850ರ ದಶಕದಲ್ಲಿ ಕಾಗದದ ನೆಗೆಟಿವ್‌ಗಳನ್ನೂ ಕೊಲೋಡಿಯನ್ ಎಂಬ ಅಂಟುದ್ರವ ಬಳಿದ ಗಾಜಿನ ನೆಗೆಟಿವ್‌ಗಳನ್ನೂ ಇದೇ ಉಪ್ಪು ಕಾಗದದ ಮೇಲೆ ಮುದ್ರಿಸುತ್ತಿದ್ದರು. ವೇಗವನ್ನು ನಿಲ್ಲಿಸುವ ಹಂಬಲವೂ ಅಷ್ಟೇ ಹಳೆಯದು. 1851ರ ಜೂನ್‌ನಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಟಾಲ್ಬಟ್ ತಿರುಗುವ ಚಕ್ರಕ್ಕೆ ಪತ್ರಿಕೆಯ ಹಾಳೆಯೊಂದನ್ನು ಅಂಟಿಸಿ, ವಿದ್ಯುತ್ ಕೂಡಿಡುವ ಲೇಡನ್ ಜಾಡಿಗಳ ಕಿಡಿಯ ಬೆಳಕಿನಲ್ಲಿ ಅದರ ಅಕ್ಷರಗಳನ್ನು ನಿಲ್ಲಿಸಿ ತೋರಿಸಿದ. 1878ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಛಾಯಾಗ್ರಾಹಕ ಎಡ್ವರ್ಡ್ ಮೈಬ್ರಿಜ್ ಸಾಲಾಗಿಟ್ಟ 12 ಕ್ಯಾಮೆರಾಗಳಿಂದ, ಒದ್ದೆ ಕೊಲೋಡಿಯನ್ ಪ್ಲೇಟುಗಳ ಮೇಲೆ, ಓಡುವ ಕುದುರೆಯ ನಾಲ್ಕೂ ಗೊರಸುಗಳು ನೆಲ ಬಿಟ್ಟ ಗಳಿಗೆಯನ್ನು ಹಿಡಿದ.

ಮೈಬ್ರಿಜ್‌ನಿಂದ ನಾನು ತೆಗೆದುಕೊಂಡದ್ದು ಅವನ ಷಟರ್‌ಗಿಂತ ಹೆಚ್ಚಾಗಿ ಅವನ ಹಿನ್ನೆಲೆಯನ್ನು. ಆ ಪ್ಲೇಟುಗಳಿಗೆ ಅಷ್ಟು ಕಡಿಮೆ ಹೊತ್ತಿನಲ್ಲಿ ಕುದುರೆಯ ಮೈಯ ವಿವರ ಹಿಡಿಯುವ ಶಕ್ತಿ ಇರಲಿಲ್ಲ. ಆದ್ದರಿಂದ ಓಟದ ಹಾದಿಗೆ ಸುಣ್ಣದ ಪುಡಿ ಹರಡಿ, ಎದುರಿಗೆ ಬಿಳಿಯ ಹಿನ್ನೆಲೆ ನಿಲ್ಲಿಸಿ, ಕುದುರೆಯನ್ನು ಕಪ್ಪು ಆಕಾರವಾಗಿ ಹಿಡಿದರು. ಆ ಚಿತ್ರಗಳಲ್ಲಿ ವೇಗ ಗೊತ್ತಾಗುವುದು ಆಕಾರದಿಂದ. ಉಪ್ಪಿನ ಕಾಗದದ ವಿಷಯದಲ್ಲಿಯೂ ಮಾತು ಇದೇ. ಚಿತ್ರ ಕಾಗದದ ಮೇಲ್ಮೈಯಲ್ಲಿ ಕೂರದೆ ನಾರುಗಳ ಒಳಗೆ ಇಳಿಯುವುದರಿಂದ ಸಣ್ಣ ವಿವರಗಳು ಮೆತ್ತಗಾಗುತ್ತವೆ. ಬೆರಳ ತುದಿಯ ಚರ್ಮ, ಶೂವಿನ ಹೊಲಿಗೆ, ಬೆವರು ಇವು ಯಾವುವೂ ಲೆಕ್ಕಕ್ಕೆ ಬರುವುದಿಲ್ಲ. ಉಳಿಯುವುದು ದೇಹದ ಹೊರಗೆರೆ, ಕೈಗೂ ಅದು ಹಿಡಿಯಬೇಕಾದ ಬಂಡೆಯ ಹಿಡಿತಕ್ಕೂ ನಡುವಿನ ಖಾಲಿ ಜಾಗ, ಮತ್ತು ಬಂಡೆಯ ಮೈ.

ಷಟರ್ ವೇಗ ಮತ್ತು ನೀಲಿ ಬೆಳಕು

ಎಷ್ಟು ವೇಗದ ಷಟರ್ ಬೇಕೆಂಬುದನ್ನು ಮುದ್ರಣದ ಗಾತ್ರದಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಒಂದು ಮೀಟರ್ ಕೆಳಗೆ ಬಿದ್ದ ದೇಹದ ವೇಗ ಸೆಕೆಂಡಿಗೆ ಸುಮಾರು 4.4 ಮೀಟರ್. 1/250 ಸೆಕೆಂಡಿನಲ್ಲಿ ಅದು ಸುಮಾರು 18 ಮಿಲಿಮೀಟರ್ ಸರಿಯುತ್ತದೆ, 1/500ರಲ್ಲಿ 9, 1/1000ರಲ್ಲಿ ನಾಲ್ಕೂವರೆಗಿಂತ ತುಸು ಕಡಿಮೆ. ನನ್ನ ಹಾಳೆಯ ಮೇಲೆ 1.7 ಮೀಟರ್ ಎತ್ತರದ ವ್ಯಕ್ತಿ ಸುಮಾರು 5 ಸೆಂಟಿಮೀಟರ್ ಆಗಿ ಕಾಣುತ್ತಾರೆ, ಅಂದರೆ ಎಲ್ಲವೂ 34 ಪಾಲು ಕಿರಿದಾಗುತ್ತದೆ. ಆಗ 1/250ರ ಮಸುಕು ಹಾಳೆಯ ಮೇಲೆ ಅರ್ಧ ಮಿಲಿಮೀಟರ್ ಆಗುತ್ತದೆ, ಅದು ಕಣ್ಣಿಗೆ ಕಾಣುತ್ತದೆ. 1/1000ರ ಮಸುಕು 0.13 ಮಿಲಿಮೀಟರ್, ಅದು ಕಾಗದದ ನಾರಿನಲ್ಲಿಯೇ ಮುಳುಗಿಹೋಗುತ್ತದೆ. ಹಾಗಾಗಿ 1/1000ಕ್ಕಿಂತ ಹೆಚ್ಚಿನ ವೇಗಕ್ಕಾಗಿ ಐಎಸ್‌ಒ (ಕ್ಯಾಮೆರಾದ ಬೆಳಕಿನ ಸಂವೇದನೆ) ಏರಿಸಿ ಚಿತ್ರದಲ್ಲಿ ಮರಳಿನಂಥ ಗದ್ದಲವನ್ನು ಬರಮಾಡಿಕೊಳ್ಳುವುದರಿಂದ ಈ ಕಾಗದಕ್ಕೆ ಏನೂ ಲಾಭವಿಲ್ಲ. ಜಿಗಿತದ ತುತ್ತತುದಿಯಲ್ಲಿ, ಬಂಡೆ ಹತ್ತುವವರು ಡೆಡ್‌ಪಾಯಿಂಟ್ ಎನ್ನುವ ಕಡೆ, ದೇಹ ಏರುವುದನ್ನು ಮುಗಿಸಿ ಇಳಿಯಲು ಇನ್ನೂ ಆರಂಭಿಸಿರುವುದಿಲ್ಲ. ಅದರ ಆಚೀಚೆ 0.05 ಸೆಕೆಂಡಿನ ಒಳಗೆ ವೇಗ ಸೆಕೆಂಡಿಗೆ ಅರ್ಧ ಮೀಟರನ್ನು ಮೀರುವುದಿಲ್ಲವಾದ್ದರಿಂದ ಅಲ್ಲಿ 1/250 ಕೂಡ ಸಾಲುತ್ತದೆ. ಆದರೆ ಒಳ್ಳೆಯ ಚಿತ್ರ ಯಾವಾಗಲೂ ತುದಿಯಲ್ಲಿ ಇರುವುದಿಲ್ಲ. ಕಾಲು ಬಂಡೆಯನ್ನು ಆಗತಾನೇ ಬಿಟ್ಟು, ಮೊಣಕಾಲು ಇನ್ನೂ ಪೂರ್ತಿ ನೇರವಾಗದೆ, ಕೈ ಹಿಡಿತದ ಕಡೆಗೆ ಚಾಚಿರುವ ಗಳಿಗೆಯ ಆಕಾರ ಅದಕ್ಕಿಂತ ಹೆಚ್ಚು ಮಾತಾಡುತ್ತದೆ ಎಂಬುದು ನನ್ನ ಅನುಭವ, ಮತ್ತು ಅದಕ್ಕೆ 1/1000 ಬೇಕು.

ಇನ್ನು ಬಣ್ಣ. ಹತ್ತೊಂಬತ್ತನೆಯ ಶತಮಾನದ ಮಧ್ಯದ ಬೆಳ್ಳಿಯ ಲವಣಗಳು ನೀಲಿ, ನೇರಳೆ ಮತ್ತು ಅತಿನೇರಳೆ ಬೆಳಕನ್ನಷ್ಟೇ ಕಾಣುತ್ತಿದ್ದವು. ಕೆಂಪು, ಕಿತ್ತಳೆ, ಹಳದಿ ಅವುಗಳ ಪಾಲಿಗೆ ಕತ್ತಲೆ. ಆ ಕಾಲದ ಚಿತ್ರಗಳಲ್ಲಿ ಆಕಾಶ ಬೆಳ್ಳಗೆ ಖಾಲಿಯಾಗಿರುವುದಕ್ಕೂ, ದೂರದ ಬೆಟ್ಟಗಳು ಮಂಜಿನಲ್ಲಿ ಕರಗಿದಂತೆ ಕಾಣುವುದಕ್ಕೂ, ಚರ್ಮದ ಬಣ್ಣ ಗಾಢವಾಗುವುದಕ್ಕೂ ಕಾರಣ ಇದೇ. ಡಿಜಿಟಲ್ ಕಡತವನ್ನು ಕಪ್ಪು ಬಿಳುಪಾಗಿಸುವಾಗ ನೀಲಿ ಚಾನೆಲ್‌ಗೆ ಹೆಚ್ಚಿನ ಪಾಲು ಕೊಟ್ಟರೆ ಈ ಗುಣಗಳೆಲ್ಲ ತಾವಾಗಿ ಬರುತ್ತವೆ. ಹಂಪಿಯ ಕಂದು ಮಿಶ್ರಿತ ಗ್ರಾನೈಟ್ ಗಾಢವಾಗುತ್ತದೆ, ಆಕಾಶ ಕಾಗದದ ಬಿಳಿಗೆ ಹತ್ತಿರವಾಗುತ್ತದೆ, ಹಾರುವವರ ಕೆಂಪು ಅಂಗಿ ಹೆಚ್ಚೂಕಡಿಮೆ ಕಪ್ಪಾಗುತ್ತದೆ. ಮೈಬ್ರಿಜ್ ಎದುರಿಗೆ ಕಟ್ಟಿಸಿದ ಬಿಳಿಯ ಹಿನ್ನೆಲೆಯನ್ನು ಇಲ್ಲಿ ಆಕಾಶವೇ ಒದಗಿಸುತ್ತದೆ. ಬಂಡೆಯ ಬುಡದಲ್ಲಿ ಮಲಗಿ ಮೇಲಕ್ಕೆ ನೋಡಿ ತೆಗೆದ ಚಿತ್ರಗಳೇ ಈ ಕೆಲಸಕ್ಕೆ ಒಗ್ಗಿದವು.

ಬೆರಳು ಜಾರದಂತೆ ಹತ್ತುವವರು ಕೈಗೆ ಹಚ್ಚಿಕೊಳ್ಳುವ ಚಾಕ್ ಪುಡಿಯದು ಬೇರೆಯೇ ಲೆಕ್ಕ. ಕೈ ಬಂಡೆಗೆ ಬಡಿದಾಗ ಏಳುವ ಮೆಗ್ನೀಸಿಯಂ ಕಾರ್ಬೊನೇಟ್‌ನ ಬಿಳಿಯ ಧೂಳು ಚಲನೆಯ ಅತ್ಯಂತ ಪ್ರಾಮಾಣಿಕ ಸಾಕ್ಷಿ. ಆದರೆ ಅದು ಬಿಳಿಯ ಆಕಾಶದ ಎದುರಿಗೆ ಬಿದ್ದರೆ ಮುದ್ರಣದಲ್ಲಿ ಇಲ್ಲವಾಗುತ್ತದೆ. ಹಾಗಾಗಿ ದೇಹ ಆಕಾಶದ ಎದುರಿಗಿರಬೇಕು, ಕೈಯ ತುದಿ ಮತ್ತು ಅದರ ಧೂಳು ಗಾಢವಾದ ಬಂಡೆಯ ಎದುರಿಗಿರಬೇಕು. ಈ ಒಂದು ಷರತ್ತಿನಿಂದಲೇ ತೆಗೆದ ಚಿತ್ರಗಳಲ್ಲಿ ಬಹುಪಾಲು ಪಕ್ಕಕ್ಕೆ ಸರಿದವು. ಸಂಜೆಯ ಕೆಂಪು ಬೆಳಕಿನಲ್ಲಿ ತೆಗೆದವೂ ಹೊರಗುಳಿದವು. ಆ ಬೆಳಕಿನಲ್ಲಿ ನೀಲಿ ತೀರಾ ಕಡಿಮೆ. ನೀಲಿ ಚಾನೆಲ್‌ನಲ್ಲಿ ಗದ್ದಲ ತುಂಬಿಕೊಂಡು ಬಂಡೆಯ ಮೈಯೆಲ್ಲ ಮರಳು ಮರಳಾಗುತ್ತದೆ. ಬೆಳಗಿನ ಎಂಟರಿಂದ ಹತ್ತರವರೆಗಿನ ಬೆಳಕು ಹತ್ತುವವರ ಕೈಗೂ ಒಳ್ಳೆಯದು, ಏಕೆಂದರೆ ತಂಪಾದ ಬಂಡೆಯ ಮೇಲೆ ಬೆರಳು ಜಾರುವುದಿಲ್ಲ. ನೀಲಿ ಚಾನೆಲ್‌ಗೂ ಒಳ್ಳೆಯದು.

ನೆಗೆಟಿವ್ ಮತ್ತು ಚೌಕಟ್ಟು

ಸಾಲ್ಟ್ ಪ್ರಿಂಟ್‌ನಲ್ಲಿ ಹಿಗ್ಗಿಸುವ ಯಂತ್ರಕ್ಕೆ ಜಾಗವಿಲ್ಲ. ಕಾಗದದ ಸಂವೇದನೆ ಎಷ್ಟು ಕಡಿಮೆಯೆಂದರೆ, ನೆಗೆಟಿವ್ ಅನ್ನು ನೇರವಾಗಿ ಕಾಗದಕ್ಕೆ ಒತ್ತಿ ಬಿಸಿಲಿಗೆ ಇಡಲೇಬೇಕು. ಚಿತ್ರದ ಗಾತ್ರವೇ ನೆಗೆಟಿವ್‌ನ ಗಾತ್ರ. ಇಂಕ್‌ಜೆಟ್‌ಗೆಂದೇ ತಯಾರಾದ ಪಾರದರ್ಶಕ ಹಾಳೆಯ ಮೇಲೆ ಪಿಗ್ಮೆಂಟ್ ಶಾಯಿಯಿಂದ 20×25 ಸೆಂಟಿಮೀಟರ್ ನೆಗೆಟಿವ್ ಮುದ್ರಿಸಿಕೊಂಡೆ. ಶಾಯಿಯ ಮುಖ ಕಾಗದಕ್ಕೆ ತಾಗುವಂತೆ ಇಡಬೇಕಾದ್ದರಿಂದ ಚಿತ್ರವನ್ನು ಎಡಬಲ ತಿರುಗಿಸಿ ಮುದ್ರಿಸಬೇಕು. ಇಲ್ಲವಾದರೆ ಹಾಳೆಯ ದಪ್ಪದಷ್ಟು ಅಂತರದಲ್ಲಿ ಬೆಳಕು ಚದುರಿ ಹೊರಗೆರೆ ಮಸುಕಾಗುತ್ತದೆ.

ಈ ಕಾಗದಕ್ಕೆ ಬೇಕಾದ ನೆಗೆಟಿವ್ ಸಾಮಾನ್ಯ ಡಾರ್ಕ್‌ರೂಮ್ ನೆಗೆಟಿವ್‌ಗಿಂತ ಬಹಳ ಗಟ್ಟಿಯಾಗಿರಬೇಕು. ಅತ್ಯಂತ ತಿಳಿಯಾದ ಭಾಗಕ್ಕೂ ಅತ್ಯಂತ ಗಾಢವಾದ ಭಾಗಕ್ಕೂ ಸಾಂದ್ರತೆಯ (ಬೆಳಕನ್ನು ತಡೆಯುವ ಅಳತೆಯ) ವ್ಯತ್ಯಾಸ 2.0ರ ಆಸುಪಾಸಿನಲ್ಲಿ ಇದ್ದರೆ ಚೆನ್ನ. ಇದಕ್ಕೆ ಕಾರಣ ಈ ವಿಧಾನದ ಒಳಗೇ ಇದೆ. ಇಲ್ಲಿ ಡೆವಲಪರ್ ಇಲ್ಲ. ಬೆಳಕೇ ಬೆಳ್ಳಿಯನ್ನು ಕಪ್ಪಾಗಿಸುತ್ತದೆ, ಹಾಗೆ ಕಪ್ಪಾದ ಪದರ ತನ್ನ ಕೆಳಗಿನ ಬೆಳ್ಳಿಗೆ ತಾನೇ ನೆರಳಾಗಿ ನಿಲ್ಲುತ್ತದೆ. ನೆರಳಿನ ಭಾಗಗಳು ಕಪ್ಪಾಗುತ್ತ ಹೋದಂತೆ ಅವುಗಳ ವೇಗ ಕುಗ್ಗುತ್ತದೆ, ಆ ಸಮಯದಲ್ಲಿ ಬೆಳಕಿನ ಭಾಗಗಳು ನಿಧಾನವಾಗಿ ಬಣ್ಣ ಹಿಡಿಯುತ್ತ ಹಿಂದಿನಿಂದ ಬಂದು ಸೇರುತ್ತವೆ. ಬಂಡೆಯ ಬುಡದ ಕತ್ತಲೆಯಿಂದ ಚಾಕ್ ಧೂಳಿನವರೆಗೆ ಇಷ್ಟು ಉದ್ದದ ಛಾಯೆಗಳ ಸಾಲನ್ನು ಬೇರೆ ಯಾವ ಕಾಗದವೂ ಇಷ್ಟು ಸಹಜವಾಗಿ ತಾಳಿಕೊಳ್ಳುವುದನ್ನು ನಾನು ಕಂಡಿಲ್ಲ. ಕಪ್ಪು ಶಾಯಿಯೊಂದೇ ಅತಿನೇರಳೆಯನ್ನು ಸಾಕಷ್ಟು ತಡೆಯದಿದ್ದರೆ, ಹಳದಿ ಅಥವಾ ಹಸಿರು ಛಾಯೆಯನ್ನು ಕೂಡಿಸಿ ನೆಗೆಟಿವ್ ಮುದ್ರಿಸಬಹುದು. ಯಾವುದು ಎಷ್ಟು ತಡೆಯುತ್ತದೆ ಎಂಬುದು ಪ್ರಿಂಟರಿನಿಂದ ಪ್ರಿಂಟರಿಗೆ ಬದಲಾಗುವುದರಿಂದ ಬಣ್ಣದ ಚೌಕಗಳ ಪರೀಕ್ಷಾ ಹಾಳೆಯೊಂದನ್ನು ಮೊದಲು ಮುದ್ರಿಸಿ ನೋಡುವುದು ಅನಿವಾರ್ಯ.

ನೆಗೆಟಿವ್ ಮತ್ತು ಕಾಗದವನ್ನು ಒತ್ತಿ ಹಿಡಿಯುವ ಕಾಂಟ್ಯಾಕ್ಟ್ ಚೌಕಟ್ಟನ್ನು ಸಾಗುವಾನಿಯಲ್ಲಿ ನಾನೇ ಕಟ್ಟಿದೆ. ಒಳ ಅಳತೆ 27×32 ಸೆಂಟಿಮೀಟರ್, ಗಾಜು ಕೂರುವ ಅಂಚಿನ ಆಳ 18 ಮಿಲಿಮೀಟರ್. ತಳದಲ್ಲಿ 5 ಮಿಲಿಮೀಟರ್ ದಪ್ಪದ ಸಾದಾ ಗಾಜು, ಅದರ ಮೇಲೆ ನೆಗೆಟಿವ್ ಮತ್ತು ಕಾಗದ, ಆಮೇಲೆ 3 ಮಿಲಿಮೀಟರ್ ಉಣ್ಣೆಯ ಫೆಲ್ಟ್, ಕೊನೆಗೆ 9 ಮಿಲಿಮೀಟರ್ ಪ್ಲೈವುಡ್ಡಿನ ಬೆನ್ನು. ಅತಿನೇರಳೆ ತಡೆಯುವ ಲೇಪನವಿರುವ ಗಾಜನ್ನೂ ಲ್ಯಾಮಿನೇಟ್ ಮಾಡಿದ ಗಾಜನ್ನೂ ಬಳಸಬಾರದು. ಇಡೀ ಚೌಕಟ್ಟಿನ ಜೀವ ಇರುವುದು ಆ ಬೆನ್ನಿನಲ್ಲಿ. ಅದನ್ನು ಅಡ್ಡಲಾಗಿ ಎರಡು ತುಂಡು ಮಾಡಿ ಕೀಲು ಹಾಕಿದ್ದೇನೆ. ಪ್ರತಿ ತುಂಡಿನ ಮೇಲೂ ಬಾಗಿಸಿದ ಉಕ್ಕಿನ ಪಟ್ಟಿಯೊಂದು ತಿರುಗಿ ಚೌಕಟ್ಟಿನ ತೋಡಿಗೆ ಸಿಕ್ಕಿಕೊಂಡು ಒತ್ತುತ್ತದೆ. ಬಿಸಿಲಿನಲ್ಲಿ ಇಟ್ಟ ಮೇಲೆ ಚಿತ್ರ ಎಷ್ಟು ಮೂಡಿದೆ ಎಂದು ನೋಡಬೇಕಾದಾಗ ಒಂದು ತುಂಡನ್ನು ಮಾತ್ರ ಬಿಚ್ಚಿ ಕಾಗದದ ಅರ್ಧವನ್ನು ಎತ್ತಿ ನೋಡಬಹುದು. ಇನ್ನರ್ಧ ಒತ್ತಿಕೊಂಡೇ ಇರುವುದರಿಂದ ಕಾಗದ ಕೂದಲೆಳೆಯಷ್ಟೂ ಸರಿಯುವುದಿಲ್ಲ. ಹಾರುವ ದೇಹದ ಹೊರಗೆರೆಯೇ ಚಿತ್ರದ ಸರ್ವಸ್ವವಾಗಿರುವಾಗ ಎರಡನೆಯ ಹೊರಗೆರೆ ಮೂಡಿದರೆ ಹಾಳೆ ವ್ಯರ್ಥ. ಹಾಗಾಗಿ ಕೀಲಿನ ಕೆಲಸಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚಿನ ಸಮಯ ಕೊಟ್ಟಿದ್ದೇನೆ: ಎರಡು ತುಂಡುಗಳ ನಡುವಿನ ಸಂದು ಕಾಗದದ ದಪ್ಪವನ್ನು ಮೀರದಂತೆ ಉಜ್ಜಿ, ಫೆಲ್ಟನ್ನು ಕೀಲಿನ ಮೇಲೆ ಕತ್ತರಿಸದೆ ಒಂದೇ ತುಂಡಾಗಿ ಹಾಸಿದ್ದೇನೆ.

ಉಪ್ಪು, ಬೆಳ್ಳಿ

ಕಾಗದ 300 ಜಿಎಸ್‌ಎಂನ ನೂರಕ್ಕೆ ನೂರು ಹತ್ತಿಯದು, ನಯವಾದ ಮೇಲ್ಮೈಯದು. ಕೈಯಿಂದ ತಯಾರಿಸಿದ ಕಾಗದ ನೋಡಲು ಚೆಂದವಾದರೂ ಅದರಲ್ಲಿ ಲೋಹದ ಕಣಗಳು ಸೇರಿಕೊಂಡಿದ್ದರೆ ಬೆಳ್ಳಿ ತಾಗಿದೊಡನೆ ಕಪ್ಪು ಚುಕ್ಕೆಗಳಾಗುತ್ತವೆ, ಮತ್ತು ಖಾಲಿ ಆಕಾಶದಲ್ಲಿ ಒಂದು ಚುಕ್ಕೆ ಬಿದ್ದರೂ ಕಣ್ಣು ಹಾರುವವರನ್ನು ಬಿಟ್ಟು ಅಲ್ಲಿಗೇ ಹೋಗುತ್ತದೆ.

ಉಪ್ಪಿನ ದ್ರಾವಣ: ಒಂದು ಲೀಟರ್ ಡಿಸ್ಟಿಲ್ಡ್ ನೀರಿಗೆ ಅಮೋನಿಯಂ ಕ್ಲೋರೈಡ್ 20 ಗ್ರಾಂ, ಸೋಡಿಯಂ ಸಿಟ್ರೇಟ್ 20 ಗ್ರಾಂ, ಜೆಲಟಿನ್ 8 ಗ್ರಾಂ. ಜೆಲಟಿನ್ ಅನ್ನು ಮೊದಲು ತಣ್ಣೀರಿನಲ್ಲಿ ನೆನೆಸಿ, ಆಮೇಲೆ ಬೆಚ್ಚಗೆ ಮಾಡಿ ಕರಗಿಸಿ, ಉಳಿದವನ್ನು ಬೆರೆಸಬೇಕು. ಜೆಲಟಿನ್ ಚಿತ್ರವನ್ನು ಕಾಗದದ ಆಳಕ್ಕೆ ಇಳಿಯಗೊಡದೆ ಮೇಲಕ್ಕೆ ಎತ್ತಿ ಹಿಡಿಯುತ್ತದೆ, ಅದರಿಂದ ಕಪ್ಪಿಗೆ ಗಾಢತೆ ಬರುತ್ತದೆ. ಅಮೋನಿಯಂ ಕ್ಲೋರೈಡ್ ಬದಲು ಸಾದಾ ಸೋಡಿಯಂ ಕ್ಲೋರೈಡ್ ಆದರೂ ಆಗುತ್ತದೆ. ಅಡುಗೆಮನೆಯ ಅಯೋಡಿನ್ ಬೆರೆತ ಪುಡಿಯುಪ್ಪನ್ನು ಮಾತ್ರ ದೂರವಿಡುವುದು ಕ್ಷೇಮ. ಉಪ್ಪು ಹೆಚ್ಚಾದಷ್ಟೂ ಚಿತ್ರ ಗಾಢವಾಗುತ್ತದೆ ಎಂದು ತೋರುವುದು ಸಹಜ, ವಸ್ತುಸ್ಥಿತಿ ಬೇರೆ. ಟಾಲ್ಬಟ್ ಆರಂಭದ ಪ್ರಯೋಗಗಳಲ್ಲಿಯೇ ಕಂಡುಕೊಂಡಂತೆ ಉಪ್ಪು ಕಡಿಮೆ, ಬೆಳ್ಳಿ ಹೆಚ್ಚು ಇರುವ ಕಾಗದವೇ ಬೇಗ ಕಪ್ಪಾಗುತ್ತದೆ. ಸಿಲ್ವರ್ ಕ್ಲೋರೈಡ್ ಆಗದೆ ಉಳಿದ ಹೆಚ್ಚುವರಿ ಸಿಲ್ವರ್ ನೈಟ್ರೇಟ್, ಬೆಳಕಿನಿಂದ ಬಿಡುಗಡೆಯಾಗುವ ಕ್ಲೋರಿನ್ ಅನ್ನು ಹಿಡಿದುಕೊಂಡು ಕೆಲಸ ಮುಂದುವರಿಯುವಂತೆ ನೋಡಿಕೊಳ್ಳುತ್ತದೆ. ಬೆಚ್ಚಗಿನ ಉಪ್ಪುನೀರಿನಲ್ಲಿ ಹಾಳೆಯನ್ನು ಮೂರು ನಿಮಿಷ ಮುಳುಗಿಸಿ, ಮೂಲೆಯಿಂದ ತೂಗುಹಾಕಿ ಒಣಗಿಸಿ, ಮುಖ ಯಾವುದು ಎಂದು ಪೆನ್ಸಿಲ್ಲಿನಿಂದ ಗುರುತು ಮಾಡಿಟ್ಟರೆ ಆ ಕಾಗದ ಬಹುಕಾಲ ಕೆಡದೆ ಉಳಿಯುತ್ತದೆ.

ಬೆಳ್ಳಿ ಬಳಿಯುವುದು ಮುದ್ರಿಸುವ ದಿನವೇ ಆಗಬೇಕು. 100 ಮಿಲಿಲೀಟರ್ ಡಿಸ್ಟಿಲ್ಡ್ ನೀರಿಗೆ 12 ಗ್ರಾಂ ಸಿಲ್ವರ್ ನೈಟ್ರೇಟ್. ಈ ದ್ರಾವಣ ಚರ್ಮಕ್ಕೆ ತಾಗಿದರೆ ದಿನಗಟ್ಟಲೆ ಹೋಗದ ಕಪ್ಪು ಕಲೆಯಾಗುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಕೈಗವಸು ಮತ್ತು ಕಣ್ಣಿನ ರಕ್ಷಾಕವಚ ಎರಡನ್ನೂ ಹಾಕಿಕೊಳ್ಳದೆ ಬಾಟಲಿಯ ಮುಚ್ಚಳ ತೆಗೆಯಬಾರದು ಎಂಬುದು ಈ ಕೆಲಸದಲ್ಲಿ ಸಡಿಲಿಸಲಾಗದ ನಿಯಮ. ಮಂದವಾದ ಹಳದಿ ದೀಪದ ಬೆಳಕಿನಲ್ಲಿ, ಕಾಗದದ ಒಂದು ಅಂಚಿಗೆ ಗಾಜಿನ ಕೋಲನ್ನಿಟ್ಟು ಅದರ ಬದಿಗೆ 2 ಮಿಲಿಲೀಟರ್ ದ್ರಾವಣ ಸುರಿದು, ಕೋಲನ್ನು ಒತ್ತದೆ ಅತ್ತಿಂದಿತ್ತ ಎಳೆದರೆ 20×25 ಸೆಂಟಿಮೀಟರ್ ಜಾಗ ಸಮನಾಗಿ ತುಂಬುತ್ತದೆ. ಕುಂಚವೂ ಆಗುತ್ತದೆ, ಆದರೆ ಅದಕ್ಕೆ ಲೋಹದ ಪಟ್ಟಿ ಇರಬಾರದು. ಹಳೆಯ ಚಿತ್ರಗಳ ಅಂಚಿನಲ್ಲಿ ಕಾಣುವ ಕುಂಚದ ಗೆರೆಗಳನ್ನು ಬೇಕೆಂದೇ ಉಳಿಸಿಕೊಳ್ಳುವ ರೂಢಿ ಈಗ ಎಲ್ಲೆಡೆ ಇದೆ. ಈ ಚಿತ್ರಗಳಲ್ಲಿ ನಾನು ಅವನ್ನು ಮರೆಮಾಡಿ ನೇರವಾದ ಅಂಚನ್ನೇ ಇಟ್ಟುಕೊಂಡಿದ್ದೇನೆ, ಏಕೆಂದರೆ ಕುಂಚದ ಗೆರೆಯೂ ಒಂದು ಚಲನೆಯೇ, ಅದು ಹಾರುವವರ ಚಲನೆಯೊಂದಿಗೆ ಸ್ಪರ್ಧೆಗೆ ನಿಲ್ಲುತ್ತದೆ.

ಬೇಸಿಗೆ ಹತ್ತಿರವಾಗುತ್ತಿದ್ದಂತೆ ಹೊಸಪೇಟೆಯ ಗಾಳಿ ತೀರಾ ಒಣಗುತ್ತದೆ. ಫ್ಯಾನಿನ ಕೆಳಗೆ ಪೂರ್ತಿ ಒಣಗಿದ ಕಾಗದ ಸೊರಗಿದ, ಸತ್ವವಿಲ್ಲದ ಕಪ್ಪನ್ನು ಕೊಡುತ್ತದೆ. ಒಣಗಿದ ಹಾಳೆಯನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ನೀರಿನ ತಟ್ಟೆಯ ಮೇಲೆ, ನೀರಿಗೆ ತಾಗದಂತೆ, ಸ್ವಲ್ಪ ಹೊತ್ತು ಇಟ್ಟರೆ ಅದು ಮತ್ತೆ ತುಸು ತೇವ ಹಿಡಿದು ಚೇತರಿಸಿಕೊಳ್ಳುತ್ತದೆ. ಆ ತೇವದಿಂದ ನೆಗೆಟಿವ್‌ಗೆ ಬೆಳ್ಳಿಯ ಕಲೆ ಹತ್ತದಿರಲು ಎರಡರ ನಡುವೆ ತೀರಾ ತೆಳುವಾದ ಪಾಲಿಯೆಸ್ಟರ್ ಹಾಳೆಯೊಂದನ್ನು ಇಡುತ್ತೇನೆ.

ಬಿಸಿಲು, ತೊಳೆತ, ಚಿನ್ನ

ನಡುಹಗಲ ಬಿಸಿಲಿನಲ್ಲಿ ಈ ನೆಗೆಟಿವ್‌ಗಳಿಗೆ ಎಂಟರಿಂದ ಹನ್ನೆರಡು ನಿಮಿಷ ಸಾಕಾಗುತ್ತದೆ. ತೆಳು ಮೋಡವಿದ್ದರೆ ಅದರ ಎರಡರಷ್ಟು. ಆದರೆ ಬಿಸಿಲನ್ನು ಗಡಿಯಾರದಿಂದ ಅಳೆಯಲು ಬರುವುದಿಲ್ಲ. ಪ್ರತಿ ನೆಗೆಟಿವ್‌ನ ಪಕ್ಕದಲ್ಲಿ 21 ಮೆಟ್ಟಿಲುಗಳ ಸಾಂದ್ರತೆಯ ಪಟ್ಟಿಯೊಂದನ್ನು ಇಟ್ಟು, ಯಾವ ಮೆಟ್ಟಿಲಿನವರೆಗೆ ಬಣ್ಣ ಹತ್ತಿದೆ ಎಂಬುದನ್ನು ನೋಡಿ ನಿಲ್ಲಿಸುತ್ತೇನೆ. ಚೌಕಟ್ಟನ್ನು ಅರ್ಧ ತೆರೆದು ನೋಡಿದಾಗ ಚಿತ್ರ ಬೇಕಾದದ್ದಕ್ಕಿಂತ ಗಾಢವಾಗಿರಬೇಕು, ಆಕಾಶದಲ್ಲಿಯೂ ತೆಳುವಾದ ಬಣ್ಣ ಕೂತಿರಬೇಕು. ಮುಂದಿನ ಹಂತಗಳಲ್ಲಿ ಅದರ ಒಂದು ಪಾಲು ಕರಗಿಹೋಗುತ್ತದೆ. ಚಾಕ್ ಧೂಳು ಉಳಿಯುವುದೋ ಹೋಗುವುದೋ ಎಂಬುದು ತೀರ್ಮಾನವಾಗುವುದು ಇಲ್ಲಿಯೇ. ಧೂಳಿನ ಮೋಡದ ಒಳಭಾಗ ಬರಿಯ ಕಾಗದದಂತೆ ಕಂಡರೆ ಅದಕ್ಕೆ ಇನ್ನೂ ಬೆಳಕು ಬೇಕು. ನೆಗೆಟಿವ್ ತುಸು ಸಪ್ಪೆಯಾಗಿದ್ದಾಗ ನೇರ ಬಿಸಿಲಿನ ಬದಲು ತೆರೆದ ಆಕಾಶದ ನೆರಳಿನಲ್ಲಿಟ್ಟು ನಿಧಾನವಾಗಿ ಮುದ್ರಿಸಿದರೆ ಕಾಂಟ್ರಾಸ್ಟ್ ಹೆಚ್ಚುತ್ತದೆ. ಹಳಬರು ಕಂಡುಕೊಂಡಿದ್ದ ಈ ಉಪಾಯ ಇಂದಿಗೂ ಅಷ್ಟೇ ನಿಜ.

ಮೊದಲ ತೊಳೆತ ಬಹಳ ಮುಖ್ಯ. ನಮ್ಮ ಬೋರ್‌ವೆಲ್ ನೀರಿನಲ್ಲಿ ಕ್ಲೋರೈಡ್ ಇರುವುದರಿಂದ ಹಾಳೆ ಮುಳುಗಿದೊಡನೆ ನೀರು ಹಾಲಿನಂತಾಗುತ್ತದೆ. ಅದು ಬಳಕೆಯಾಗದೆ ಉಳಿದ ಬೆಳ್ಳಿ. ಚಿಟಿಕೆ ಸಿಟ್ರಿಕ್ ಆಮ್ಲ ಬೆರೆಸಿದ ಡಿಸ್ಟಿಲ್ಡ್ ನೀರಿನಲ್ಲಿ ಆರಂಭಿಸಿ, ಬಿಳುಪು ಪೂರ್ತಿ ನಿಲ್ಲುವವರೆಗೆ ನೀರು ಬದಲಿಸುತ್ತೇನೆ. ಈ ನೀರನ್ನು ಮಣ್ಣಿಗೆ ಚೆಲ್ಲುವುದಿಲ್ಲ. ಬಕೆಟ್ಟಿನಲ್ಲಿ ಕೂಡಿಟ್ಟು ಉಪ್ಪು ಹಾಕಿದರೆ ಸಿಲ್ವರ್ ಕ್ಲೋರೈಡ್ ತಳಕ್ಕೆ ಕೂರುತ್ತದೆ, ಚಿತ್ರವನ್ನು ಸ್ಥಿರಗೊಳಿಸಲು ಬಳಸಿದ ಹೈಪೊ (ಸೋಡಿಯಂ ಥಯೋಸಲ್ಫೇಟ್) ದ್ರಾವಣದಲ್ಲಿನ ಬೆಳ್ಳಿಯನ್ನು ಉಕ್ಕಿನ ಉಣ್ಣೆ ಹಿಡಿದಿಡುತ್ತದೆ.

ಆಮೇಲೆ ಚಿನ್ನ. ಒಂದು ಲೀಟರ್ ಬೆಚ್ಚಗಿನ ನೀರಿಗೆ 6 ಗ್ರಾಂ ಬಿಳಿಗಾರ ಕರಗಿಸಿ, ತಣಿದ ಮೇಲೆ 1 ಪ್ರತಿಶತ ಗೋಲ್ಡ್ ಕ್ಲೋರೈಡ್ ದ್ರಾವಣ 12 ಮಿಲಿಲೀಟರ್ ಸೇರಿಸಿದರೆ ಟೋನರ್ ಸಿದ್ಧ. ಚಿತ್ರದ ಕೆಂಗಂದು ಬಣ್ಣ ಅದರಲ್ಲಿ ನಿಧಾನವಾಗಿ ನೇರಳೆಗಂದಿಗೆ, ಇನ್ನೂ ಬಿಟ್ಟರೆ ಬೂದಿಯ ಕಡೆಗೆ ತಿರುಗುತ್ತದೆ. ಚಿತ್ರದ ಆಯುಸ್ಸೂ ಹೆಚ್ಚುತ್ತದೆ. ನಾನು ಐದು ನಿಮಿಷದ ಸುಮಾರಿಗೆ ತೆಗೆಯುತ್ತೇನೆ. ಅಷ್ಟಕ್ಕೆ ನೆರಳುಗಳು ತಂಪಾಗುತ್ತವೆ, ಬಂಡೆಯ ನಡುಛಾಯೆಗಳಲ್ಲಿ ಕಂದು ಉಳಿದಿರುತ್ತದೆ, ಮತ್ತು ಹಂಪಿಯ ಗ್ರಾನೈಟ್‌ಗೆ ಆ ಕಂದು ಇರಲೇಬೇಕೆಂದು ನನಗೆ ಅನಿಸುತ್ತದೆ. ನಂತರ 15 ಪ್ರತಿಶತ ಹೈಪೊ, ಲೀಟರಿಗೆ 2 ಗ್ರಾಂ ಸೋಡಿಯಂ ಕಾರ್ಬೊನೇಟ್ ಬೆರೆಸಿದ್ದು, ಎರಡು ತಟ್ಟೆಗಳಲ್ಲಿ ಎರಡೆರಡು ನಿಮಿಷ. ಆಮೇಲೆ 1 ಪ್ರತಿಶತ ಸೋಡಿಯಂ ಸಲ್ಫೈಟ್‌ನಲ್ಲಿ ಮೂರು ನಿಮಿಷ. ಕೊನೆಗೆ ಹರಿಯುವ ನೀರಿನಲ್ಲಿ ನಲವತ್ತು ನಿಮಿಷ. ಹೈಪೊಗೆ ಇಳಿದಾಗ ಚಿತ್ರ ತಿಳಿಯಾಗಿ ಕಿತ್ತಳೆಗೆ ತಿರುಗುವುದನ್ನು ಕಂಡು ಹೆದರಬೇಕಾಗಿಲ್ಲ, ಒಣಗುವಾಗ ಅದು ಮತ್ತೆ ಗಾಢವಾಗುತ್ತದೆ.

ಕೈಗೆ ಬಂದ ಹಾಳೆಗಳು

ಸಾಣಾಪುರದ ಕೆರೆಯ ಹತ್ತಿರದ ಮುಂಚಾಚಿದ ಬಂಡೆಯೊಂದರ ಡೈನೊ ನಾನು ಬಯಸಿದ್ದಕ್ಕೆ ಅತ್ಯಂತ ಸಮೀಪ ಬಂದಿದೆ. ದೇಹ ಬಿಲ್ಲಾಗಿ ಬಿಳಿಯ ಆಕಾಶದಲ್ಲಿದೆ, ಬಲಗೈಗೂ ಹಿಡಿತಕ್ಕೂ ನಡುವೆ ಒಂದು ಗೇಣಿನಷ್ಟು ಬೆಳಕು ಉಳಿದಿದೆ. ಆ ಅಂತರದ ಹಿಂದಿನ ಬಂಡೆಯ ಮೈಯಲ್ಲಿ ಹಿಂದಿನ ಪ್ರಯತ್ನಗಳ ಚಾಕ್ ಗುರುತುಗಳು ಚದುರಿವೆ. ಕೆಳಗೆ, ಬೀಳುವವರಿಗೆ ಆಸರೆಯಾಗಲು ನಿಂತ ಸ್ಪಾಟರ್‌ಗಳ ಎತ್ತಿದ ಕೈಗಳು ಬಂಡೆಯ ನೆರಳಿನಲ್ಲಿ ಅರೆಬರೆಯಾಗಿ ಕಾಣುತ್ತವೆ. ಪರದೆಯ ಮೇಲೆ ಇದೇ ಚಿತ್ರವನ್ನು ನೋಡುವಾಗ ಕಣ್ಣು ಮೊದಲು ಮುಖದ ಬಿಗಿತಕ್ಕೆ ಹೋಗುತ್ತಿತ್ತು. ಕಾಗದದ ಮೇಲೆ ಮುಖ ಹೆಚ್ಚೇನೂ ಹೇಳದ ಗಾಢ ಛಾಯೆ. ಆ ಗೇಣು ಅಂತರವೇ ಚಿತ್ರವಾಗಿದೆ.

ಬೀಳುವವರ ಚಿತ್ರವೊಂದನ್ನೂ ಮುದ್ರಿಸಿದೆ. ಅದರಲ್ಲಿ ಕೂದಲು ಮೇಲಕ್ಕೆ ಚಿಮ್ಮಿರುವುದರಿಂದ ದೇಹ ಇಳಿಯುತ್ತಿದೆ ಎಂಬುದು ತಿಳಿಯುತ್ತದೆ. ಕೂದಲನ್ನು ಮುಚ್ಚಿ ನೋಡಿದರೆ ಅದೇ ಆಕಾರ ಏರುವಂತೆಯೂ ಕಾಣುತ್ತದೆ. ಸಡಿಲವಾದ ಅಂಗಿ, ಹಗ್ಗ, ಕೂದಲು ಇಂಥ ಒಂದಾದರೂ ದಿಕ್ಕು ಹೇಳುವ ವಸ್ತು ಚಿತ್ರದಲ್ಲಿ ಇರಬೇಕೆಂಬುದನ್ನು ಇದರಿಂದ ಮುಂದಿನ ಆಯ್ಕೆಗಳಿಗೆ ತೆಗೆದುಕೊಂಡಿದ್ದೇನೆ. ಮೂರನೆಯದು ಬಂಡೆಯ ಅಂಚಿಗೆ ಹಿಮ್ಮಡಿ ಸಿಕ್ಕಿಸಿ ದೇಹವನ್ನು ಎತ್ತುವ ಚಿತ್ರ. ಅದು ಚೆನ್ನಾಗಿ ಮುದ್ರಣಗೊಂಡರೂ ಚಲನೆ ಗೊತ್ತಾಗುವುದಿಲ್ಲ. ದೇಹ ಎಲ್ಲ ಕಡೆಯೂ ಬಂಡೆಗೆ ಅಂಟಿಕೊಂಡಿದೆ, ಎರಡರ ಛಾಯೆಯೂ ಒಂದೇ. ಹತ್ತುವವರಿಗೆ ಆ ಚಲನೆಯ ಕಷ್ಟ ಗೊತ್ತು, ಕಾಗದಕ್ಕೆ ಅದು ಗೊತ್ತಾಗುವುದಿಲ್ಲ.

ಟೋನ್ ಮಾಡಿದ ಮತ್ತು ಮಾಡದ ಎರಡು ಪಟ್ಟಿಗಳನ್ನು ಅರ್ಧ ಮುಚ್ಚಿ ದಕ್ಷಿಣದ ಕಿಟಕಿಯಲ್ಲಿ ತೂಗುಹಾಕಿದ್ದೇನೆ. ಮುಚ್ಚಿದ ಅರ್ಧಕ್ಕೂ ತೆರೆದ ಅರ್ಧಕ್ಕೂ ವ್ಯತ್ಯಾಸ ಎಷ್ಟು ಎಂಬುದನ್ನು ಮುಂದಿನ ಮಳೆಗಾಲ ಕಳೆದ ಮೇಲೆ ಅಳೆಯುವೆ. ಮುಂದಿನ ಚೌಕಟ್ಟು 40×50 ಸೆಂಟಿಮೀಟರಿನದು, ಅದರ ಮರ ಈಗಾಗಲೇ ಕೊಯ್ದಾಗಿದೆ. ಆ ಗಾತ್ರದಲ್ಲಿ ಹಾರುವವರ ಎತ್ತರ ಹಾಳೆಯ ಮೇಲೆ 10 ಸೆಂಟಿಮೀಟರ್ ಆಗುತ್ತದೆ, 1/1000ರ ಮಸುಕು 0.26 ಮಿಲಿಮೀಟರಿಗೆ ಏರುತ್ತದೆ. ಆದ್ದರಿಂದ ಈ ಚಳಿಗಾಲದಲ್ಲಿ ಷಟರ್ ಅನ್ನು 1/2000ಕ್ಕೆ ಇಟ್ಟು, ಬೆಳಕು ಅಷ್ಟಕ್ಕೆ ಸಾಲುವ ಬೆಳಗಿನ ಒಂಬತ್ತರ ನಂತರದ ಹೊತ್ತಿನಲ್ಲಿ, ಪೂರ್ವಕ್ಕೆ ಮುಖ ಮಾಡಿದ ಬಂಡೆಗಳನ್ನೇ ಹುಡುಕಬೇಕಾಗಿದೆ.